ಮೊಸಳೆಯ ಹತ್ತಿರ ಏಳು ಮಾರು

ಅಂಡಮಾನಿನಲ್ಲಿ ಮೊಸಳೆ ತೋರಿಸುವ ದೋಣಿ ಹತ್ತುತ್ತಿದ್ದೇನೆ. ಬಿಸಿಲಿಗೆ ಕಾದ ಡಾಂಬರಿನ ವಾಸನೆ ಗೂಗಲ್ ಎಂಬ ಊರಿನ ನದಿದಂಡೆಯ ಒಂದು ಮಧ್ಯಾಹ್ನವನ್ನು ಎದುರಿಗೆ ತಂದಿಟ್ಟಿದೆ.

ಅಂದು ಕೃಷ್ಣಾ ನದಿಯ ನಡುಗಡ್ಡೆಯಲ್ಲಿ ಮಲಗಿದ್ದ ಮೊಸಳೆ ತೋರಿಸಲು ಸೋದರತ್ತೆ ನನ್ನನ್ನು ಹರಿಗೋಲಿನಲ್ಲಿ ಕರೆದೊಯ್ದಿದ್ದಳು. ಅಂಚಿಗೆ ಬಳಿದ ಡಾಂಬರು ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು. ನೀವೂ ಹೀಗೆ ಮೊಸಳೆ ನೋಡಲು ಹೋಗುವುದಾದರೆ ಎಲ್ಲಿಯವರೆಗೆ ಎಂಬುದನ್ನು ದಂಡೆಯಲ್ಲೇ ಮಾತಾಡಿಕೊಳ್ಳಿ. ನಡುನೀರಿನಲ್ಲಿ ಮಾತು ಬೆಳೆಯುತ್ತದೆ.

ಮೊಸಳೆ ಕಂಡೊಡನೆ ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿದ. "ಇಲ್ಲಿಗೆ ಸಾಕ್ರೀ, ಯವ್ವಾ."

ಅತ್ತೆ ಬಂದರೆ ಮಾನ್ವಿ ಸಂತೆಯ ಬದನೆಕಾಯಿಯವರು ಅವಳ ಚೌಕಾಸಿಗೆ ಹೆದರಿ ಮುಖ ತಿರುಗಿಸುತ್ತಿದ್ದರು. "ಇಷ್ಟು ದೂರದಿಂದ ಮೊಸಳಿ ಯಾವ್ದು, ಕಲ್ಲು ಯಾವ್ದು? ಇನ್ನ ಹತ್ತು ಮಾರು ಬಿಡಪ್ಪಾ," ಎಂದಳು.

"ಐದು ಮಾರು. ಮ್ಯಾಲಿಲ್ಲ."

"ಏಳು. ಕೂಸು ನೋಡ್ಲಿ."

ಅವನು ನಗುತ್ತಾ ಏಳು ಮಾರು ಮುಂದೆ ಬಿಟ್ಟ. ಮೊಸಳೆ ಕಣ್ಣು ತೆರೆಯಿತು, ಸದ್ದಿಲ್ಲದೆ ನೀರಿಗೆ ಜಾರಿತು. ಒಂದು ಗುಳ್ಳೆಯೂ ಏಳಲಿಲ್ಲ.

ಅಂಬಿಗ ಹುಟ್ಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ಯಾಕೋ ನಿಂತಿ? ಹಿಂದಕ ತಿರುಗ್ಸು," ಅತ್ತೆ ಪಿಸುಗುಟ್ಟಿದಳು.

"ಸುಮ್ಮ ಕುಂದರ್ರಿ ಯವ್ವಾ. ಎಷ್ಟು ಹತ್ರ ಅನ್ನೋದು ಈಗ ಅದರ ಕೈಯಾಗ ಅದ."

ಅತ್ತೆ ನನ್ನನ್ನು ಹರಿಗೋಲಿನ ನಡುವಿಗೆ ಎಳೆದು ಮಡಿಲಲ್ಲಿ ಒತ್ತಿ ಕೂರಿಸಿಕೊಂಡಳು. ಅವಳ ಎದೆ ನನ್ನ ಬೆನ್ನಿಗೆ ಬಡಿಯುತ್ತಿತ್ತು.