ಮುಳಬಾಗಿಲಿಗೆ ಹೊರಟ ಕೇಕು

ಶ್ರೀನಿವಾಸಪ್ಪನ ಬೆರಳು ಮತ್ತೆ ಪೆಟ್ಟಿಗೆಯೊಳಗೆ ಹೋಯಿತು.

ಅಂಜಮ್ಮ ಗಾಡಿಯ ಕಮಾನಿಗೆ ತಲೆಯೊರಗಿಸಿ, ನಿದ್ದೆ ಬಂದವಳಂತೆ ಕೂತಿದ್ದಳು. ರೆಪ್ಪೆಗಳ ಸಂದಿಯಿಂದ ಎಲ್ಲ ಕಾಣುತ್ತಿತ್ತು. ನಶ್ಯದಿಂದ ಕಂದಿದ ತೋರುಬೆರಳು. ಉಗುರಿನಡಿ ಕಪ್ಪು ಗೆರೆ. ಆ ಉಗುರು ಬಿಳಿಯ ಸಕ್ಕರೆ ಲೇಪವನ್ನು ಅಂಚಿನಿಂದ ಕೆರೆದು ಬಾಯಿಗೆ ಹೋಯಿತು. ಚಪ್ಪರಿಸಿದ. ಅದೇ ಬೆರಳನ್ನು ನಾಲಿಗೆಯ ಮೇಲೆ ಎಳೆದು, ಕೆರೆದ ಜಾಗವನ್ನು ಎಂಜಲಿನಿಂದ ನುಣ್ಣಗೆ ಸವರಿದ.

ಅವನು ಮುಳಬಾಗಿಲಿನ ಬಿಳಿ ದೊರೆಯ ಕಚೇರಿಯ ಗುಮಾಸ್ತ. ಟಪಾಲಿಗೆಂದು ಕೋಲಾರಕ್ಕೆ ಬಂದವನು, ದೊರೆಸಾನಿಯ ಸಾಮಾನಿಗೆ ಕಾವಲಾಗಿ ಮುಳಬಾಗಿಲಿಗೆ ಮರಳುತ್ತಿದ್ದ. ಬೆಳಿಗ್ಗೆ ಗಾಡಿ ಹತ್ತುವಾಗಲೇ ಮೂಗು ಮುರಿದಿದ್ದ. "ಆ ಪೆಟ್ಟಿಗೆ ನನ್ ಪಂಚೆಗೆ ತಗುಲದ ಹಾಗಿಡಮ್ಮ. ಮೊಟ್ಟೆ ಹಾಕಿರೋ ಪದಾರ್ಥ. ಥೂ! ಮನೆಗೆ ಹೋದ ಕೂಡಲೇ ಸ್ನಾನ ಮಾಡ್ಬೇಕು ನಾನು."

ಹೋದ ಕ್ರಿಸ್‌ಮಸ್ಸಿಗೂ ಇದೇ ಮಾತು, ಇದೇ ಗಾಡಿ. ಅಂಜಮ್ಮನ ತಾಯಿ ಭಾರತಮ್ಮ ಕೇಕು ಬೇಯಿಸಿ, ಸಕ್ಕರೆಯ ಗುಲಾಬಿಗಳನ್ನಿಟ್ಟು ಕಳಿಸಿದ್ದಳು. ಬಸ್ಸಿನಲ್ಲಿ ಹಾಕಿದರೆ ಹೂವೆಲ್ಲ ಉದುರುತ್ತದೆಂದು ಎತ್ತಿನ ಗಾಡಿ. ಹೂವು ಉಳಿದವು. ಸುತ್ತಲೂ ಬೆರಳಿನ ಗುರುತು. "ಈ ಹುಡುಗಿ ದಾರಿಯುದ್ದಕ್ಕೂ ನೆಕ್ಕಿದಾಳೆ" ಎಂದಿದ್ದ ಶ್ರೀನಿವಾಸಪ್ಪ. ಮೊಟ್ಟೆಯ ಹೆಸರಿಗೇ ಉಗಿಯುವವನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ದೊರೆಸಾನಿ ಕೇಕನ್ನು ನಾಯಿಗಳಿಗೆ ಎಸೆದಳು. ಇನ್ನೊಮ್ಮೆ ಹೀಗಾದರೆ ಬೆಂಗಳೂರಿನಿಂದಲೇ ತರಿಸಿಕೊಳ್ಳುತ್ತೇನೆ ಎಂದಳು.

ತಾಯಿ ಮಗಳಿಬ್ಬರ ಅನ್ನ ಆ ಕೇಕುಗಳಿಂದಲೇ ಹುಟ್ಟುತ್ತಿತ್ತು. ಈ ಸಲ ದೊರೆಸಾನಿಯ ಮಗಳ ಹುಟ್ಟುಹಬ್ಬ.

ಗಾಡಿಯ ತುಂಬ ಹುಲ್ಲು ಹಾಸಿತ್ತು. ಹುಲ್ಲಿನ ಮೇಲೆ ಪೆಟ್ಟಿಗೆ. ಅಂಜಮ್ಮನ ತೊಡೆಯ ಮೇಲೆ ಬಂಗಲೆಯ ಅಡುಗೆಮನೆಗೆಂದು ಒಯ್ಯುತ್ತಿದ್ದ ಸೊಪ್ಪಿನ ಬುಟ್ಟಿ. ಚಕ್ರ ಹಳ್ಳಕ್ಕಿಳಿದಾಗಲೆಲ್ಲ ಅವಳು ಕಣ್ಣು ಬಿಟ್ಟು, ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಅಷ್ಟರಲ್ಲಿ ಗುಮಾಸ್ತನ ಕೈ ಪಂಚೆಯ ಮಡಿಲಿಗೆ ಮರಳಿರುತ್ತಿತ್ತು.

"ಸೊಪ್ಪಿಗ್ಯಾಕಮ್ಮ ಇಷ್ಟು ಉಪಚಾರ? ಮಗೂನ ಎತ್ಕೊಂಡಂಗೆ ಎತ್ಕೊಂಡಿದೀಯಲ್ಲ!"

"ನಲುಗಿದ್ರೆ ಅಮ್ಮ ಬೈತಾಳೆ ಸ್ವಾಮಿ."

ಗಾಡಿ ಹೊಡೆಯುತ್ತಿದ್ದ ಗಂಗುಲಪ್ಪ ನಕ್ಕ. "ಬುಟ್ಟಿ ಆಚೆ ಇಟ್ಟು ಕಾಲು ಚಾಚ್ಕೋ ಕಣಮ್ಮಿ. ಗುಮಾಸ್ತರು ಅದರ ಮೇಲೆ ಕೈ ಊರ್ಕೊಂಡು ಕೂತ್ಕೊಳ್ಲಿ."

"ಬೇಡ!" ಅಂಜಮ್ಮ ಕೂಗಿಯೇಬಿಟ್ಟಳು. ಕೂಗಿದ್ದಕ್ಕೆ ತಾನೇ ನಾಚಿ ಮತ್ತೆ ಕಣ್ಣು ಮುಚ್ಚಿದಳು.

ಬಿಸಿಲೇರಿತು. ಬೆರಳು ಈ ಸಲ ಆಳಕ್ಕಿಳಿಯಿತು. ಕಂದು ಬಣ್ಣದ ಚೂರೊಂದು ಹೊರಬಂತು. ಶ್ರೀನಿವಾಸಪ್ಪ ಅದನ್ನು ಮೂಸಿದ. ಹಿಂದಿನ ಸಲ ಅವನಿಗೆ ದಕ್ಕಿದ್ದು ಮೇಲಿನ ಲೇಪ ಮಾತ್ರ. ಬಾಯಿಗೆ ಹಾಕಿ ಅಗಿದ. ಮುಖ ಹಿಂಡಿಕೊಂಡಿತು. ಆದರೂ ನುಂಗಿದ. ಹಲ್ಲಿಗೆ ಸಿಕ್ಕಿದ ನಾರನ್ನು ಉಗುರಿನಿಂದ ಕಿತ್ತು ಪಂಚೆಗೆ ಒರೆಸಿದ. ದೊರೆಗಳು ತಿನ್ನುವ ಪದಾರ್ಥದ ರುಚಿ ಹೀಗೇ ಇರಬೇಕು ಎಂದುಕೊಂಡನೋ ಏನೋ, ಇನ್ನೊಂದು ಚೂರಿಗೆ ಕೈ ಹಾಕಿದ. ಗಡ್ಡದ ಮೇಲೆ ಲೇಪ ಬೆರೆತ ಎಂಜಲು ಹರಿದಿತ್ತು.

ಅಂಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ವಾಂತಿಯೋ ಮತ್ತೇನೋ, ಅವಳಿಗೇ ತಿಳಿಯಲಿಲ್ಲ.

ಬಂಗಲೆಯ ಮುಂದೆ ಗಾಡಿ ನಿಂತಿತು. ದೊರೆಸಾನಿ ಜಗಲಿಗೆ ಬಂದಳು. ಶ್ರೀನಿವಾಸಪ್ಪ ಬಾಯಿ ಒರೆಸಿಕೊಂಡು ಮೊದಲು ಇಳಿದ. ಪೆಟ್ಟಿಗೆಯ ಮುಚ್ಚಳ ತೆರೆದು ಮಾರು ದೂರ ನಿಂತ.

"ನೋಡಿ ತಾಯಿ, ಮತ್ತೆ ಅದೇ ಕೆಲಸ! ಈ ಸಲ ತೋಡಿ ತೋಡಿ ತಿಂದಿದಾಳೆ. ನಾನು ಅದರ ಕಡೆ ನೋಡೋನೂ ಅಲ್ಲ, ಏನು ಮಾಡ್ಲಿ?"

ದೊರೆಸಾನಿಯ ಮೂಗು ಸುಕ್ಕಾಯಿತು. "ಡರ್ಟಿ!" ಎಂದಳು, ಅಂಜಮ್ಮನನ್ನೇ ನೋಡುತ್ತ.

ಅಂಜಮ್ಮ ಬುಟ್ಟಿಯನ್ನು ಮೆಲ್ಲಗೆ ಜಗಲಿಯ ಮೇಲಿಟ್ಟಳು. ಸೊಪ್ಪಿನ ಕಟ್ಟುಗಳನ್ನು ಒಂದೊಂದಾಗಿ ತೆಗೆದಳು. ಕೆಳಗೊಂದು ಅಗಲವಾದ ಪಾತ್ರೆ. ಮುಚ್ಚಳ ಎತ್ತಿದಳು. ಒಳಗೆ ಬೆಳ್ಳನೆಯ ಕೇಕು. ಅದರ ಮೇಲೆ ಒಂದು ಎಸಳೂ ಮುಕ್ಕಾಗದ ಗುಲಾಬಿಗಳು.

ದೊರೆಸಾನಿಯ ನೋಟ ಕೇಕಿನಿಂದ ಪೆಟ್ಟಿಗೆಗೆ ಹೋಯಿತು. ಅಲ್ಲಿಂದ ಗುಮಾಸ್ತನ ಗಡ್ಡಕ್ಕೆ. ಗಡ್ಡದಲ್ಲಿ ಬಿಳಿಯ ಲೇಪ ಒಣಗಿತ್ತು.

"ಹಾಗಾದ್ರೆ..." ಶ್ರೀನಿವಾಸಪ್ಪ ಪೆಟ್ಟಿಗೆಯತ್ತ ಬಗ್ಗಿ ನೋಡಿದ. "ಹಾಗಾದ್ರೆ ಈ ಪೆಟ್ಟಿಗೇಲಿ ಇರೋದು?"

ಅಂಜಮ್ಮ ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ಹೆದರ್ಬೇಡಿ ಸ್ವಾಮಿ, ಅದಕ್ಕೆ ಮೊಟ್ಟೆ ಹಾಕಿಲ್ಲ. ಹಿತ್ತಿಲ ಗೋಡೆ ಮೇಲೆ ಅಮ್ಮ ತಟ್ಟಿದ್ದ ಬೆರಣಿ."