ಟ್ಯೂಬು ಸುತ್ತಿದ ಕ್ಯಾರಿಯರ್

ಕ್ಯಾರಿಯರ್‌ಗೆ ನಾನ್ನೂರು, ಹಾಕುವ ಕೂಲಿ ನೂರು. ಅಪ್ಪ ಎರಡು ಎಮ್ಮೆ ಮಾರಿ ಕೊಡಿಸಿದ ಸೈಕಲ್ಲಿಗೆ ಎಂಬತ್ತು ಸಾವಿರ. ರೇಸಿನ ಸೈಕಲ್ಲಾದ್ದರಿಂದ ಅದರಲ್ಲಿ ಕ್ಯಾರಿಯರ್ ಕೂರಿಸುವ ತೂತುಗಳೇ ಇರಲಿಲ್ಲ. ಅಪ್ಪ ಕಾಲು ಮುರಿದುಕೊಂಡ ಮೇಲೆ ಮನೆಮನೆಗೆ ಹಾಲು ಹಾಕುವ ಕೆಲಸ ದಾನಮ್ಮನ ಪಾಲಿಗೆ ಬಂದಿತ್ತು. ರಾಜ್ಯ ತಂಡದ ಆಯ್ಕೆಯಲ್ಲಿ ಅವಳು ಮೂರನೇ ಸಲ ಸೋತಿದ್ದಳು.

“ಕ್ಲಾಂಪ್ ಹಾಕಿ ಬಿಗಿತೀನವಾ,” ಎಂದ ಸೈಕಲ್ ರಿಪೇರಿಯ ಮೆಹಬೂಬ ಕಾಕಾ. “ಬೇಕಾದಾಗ ಬಿಚ್ಚಬಹುದು.”

“ಬಿಚ್ಚೂ ಹಂಗ ಇದ್ರ ದಿನಾ ಬಿಚ್ಚಬೇಕು ಅನಸ್ತೈತಿ. ತೂತು ಹೊಡೀರಿ.”

“ಪೈಪು ತೆಳ್ಳಗ ಐತಿ. ತೂತು ಬಿದ್ರ ಮತ್ತ ರೇಸಿಗೆ ಬರೂದಿಲ್ಲ, ಹುಚ್ಚಿ.”

“ಅದಕ್ಕ ಹೇಳಾಕತ್ತೀನಿ ಕಾಕಾ.”

ಕಾಕಾ ಸೈಕಲ್ಲನ್ನು ಒಳಗೆ ಒಯ್ದ. ಡ್ರಿಲ್ಲಿನ ಸದ್ದಿಗೆ ಅವಳು ಕಿವಿ ಮುಚ್ಚಿಕೊಂಡಳು. ಸೈಕಲ್ಲು ಹೊರಬಂದಾಗ ಕ್ಯಾರಿಯರ್ ಗಟ್ಟಿಯಾಗಿ ಕೂತಿತ್ತು. ಅದರ ಬುಡಕ್ಕೆಲ್ಲ ಹಳೆಯ ಟ್ಯೂಬು ಸುತ್ತಿತ್ತು.

ಎರಡು ತಿಂಗಳ ಮೇಲೆ ದಾನಮ್ಮ ಹಳೆಯ ಮೊಪೆಡ್ ಓಡಿಸಿಕೊಂಡು ಬಂದಳು.

“ಸೈಕಲ್ ಮಾರಿಬಿಟ್ಟೆ ಕಾಕಾ. ತೂತು ಬಿದ್ದೈತಿ ಅಂತ ಖರೇನ ಹೇಳಿದೆ. ತಗೊಂಡಾವ ಟ್ಯೂಬು ಬಿಚ್ಚಿ ನೋಡಿದ. ನನಗ ನೋಡಾಕ ಆಗಲಿಲ್ಲ, ಮುಖ ಆ ಕಡೆ ಮಾಡಿ ನಿಂತೆ. ಕೇಳಿದ ಆರು ಸಾವಿರ ಚೌಕಾಶಿ ಮಾಡಲಾರದ ಕೊಟ್ಟು ಹೋದ.”

ಕಾಕಾ ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟ.

“ನಾ ಡ್ರಿಲ್ ಹೊಡೆದದ್ದು ಕಟಿಗಿ ತುಂಡಿಗವಾ. ಟ್ಯೂಬಿನ ಕೆಳಗ ಇದ್ದದ್ದು ಬರೇ ಕ್ಲಾಂಪ್. ಒಂದಿಲ್ಲೊಂದಿನ ಬಿಚ್ಚಸಾಕ ಬರ್ತಿ ಅಂತ ತಿಳಿದಿದ್ದೆ.”

ಎಂಬತ್ತು ಸಾವಿರದ ಸೈಕಲ್ಲು, ಒಂದು ತೂತೂ ಇಲ್ಲದೆ, ಆರು ಸಾವಿರಕ್ಕೆ ಹೋಗಿತ್ತು.