ಮೂರು ಎಣಿಸುವ ಹೆಬ್ಬೆರಳು

ಪಠ್ಯಕ್ರಮ ಸಮಿತಿಯ ಸಭೆಯಲ್ಲಿ ತಮ್ಮ ಮಾತು ನಿಲ್ಲಿಸಿದಾಗ ಮೇಡಂ ಕಣ್ಣಿಗೆ ಆ ಹೆಬ್ಬೆರಳು ಬಿತ್ತು. ಮೇಜಿನಾಚೆ ಕೂತ ಮನಃಶಾಸ್ತ್ರ ವಿಭಾಗದ ಮುಖ್ಯಸ್ಥ, ಒಂದು ಕಾಲದ ಅವರ ವಿದ್ಯಾರ್ಥಿ, ಕಿರುಬೆರಳಿನ ಗೆರೆಗಳ ಮೇಲೆ ಸದ್ದಿಲ್ಲದೆ ಒಂದು, ಎರಡು, ಮೂರು ಎಣಿಸುತ್ತಿದ್ದ. ಎಣಿಸಿ ಮುಗಿಸಿ ಮುಂದಕ್ಕೆ ಬಾಗಿದ. "ಅಂದ್ರೆ, ಆಲಿಸೋ ತರಬೇತಿ ಕಡ್ಡಾಯ ಅಲ್ಲ ಅಂದ್ರೆ ನಿಮಗೆ ನೋವಾಗತ್ತೆ."

"ನನ್ನ ನೋವು ಹಾಳಾಗ್ಲಿ ಕಣಯ್ಯಾ! ಆರು ವಿಷಯ ಸೇರಿಸಿ ಮೂರು ಮಾಡು, ಬೇಡ ಅನ್ನಲ್ಲ. ಆದ್ರೆ ಒಬ್ಬರೆದುರು ನಲವತ್ತು ಗಂಟೆ ಬಾಯ್ಮುಚ್ಚಿ ಕೂತು ಅಭ್ಯಾಸ ಇಲ್ಲದ ಮಕ್ಕಳು, ನಾಳೆ, ಸಾಯ್ತೀನಿ ಅಂತ ಬಂದವರ ಮಾತು ಹೇಗೆ ಕೇಳಿಸ್ಕೋತಾರೆ? ಅದನ್ನ ಎರಡು ಪುಟದ ಪಾಠ ಮಾಡಬೇಡ."

ಹೆಬ್ಬೆರಳು ಮತ್ತೆ ಹೊರಟಿತು. ಎದುರಿನವರು ನಿಲ್ಲಿಸಿದ ಮೇಲೂ ಮೂರು ಎಣಿಸು, ನಿಜವಾದ ಮಾತು ಬರುವುದೇ ಆಗ ಎಂದು ಇದೇ ಕೋಣೆಯಲ್ಲಿ ಇವನ ಬೆರಳು ಹಿಡಿದು ಕಲಿಸಿದ್ದವರು ಮೇಡಂ. ಆ ವರ್ಷ ತರಗತಿಗೇ ಹೆಚ್ಚು ಅಂಕ ಇವನಿಗೇ ಕೊಟ್ಟಿದ್ದರು.

"ನಿಮ್ಮ ಕಳಕಳಿ ಅರ್ಥ ಆಗತ್ತೆ ಮೇಡಂ," ಎನ್ನುತ್ತ ಅವನು ಹೊಸ ಪಠ್ಯಕ್ರಮವನ್ನು ಸಹಿಗೆಂದು ಅವರತ್ತ ಸರಿಸಿದ. ಅದು ಆಗಲೇ ಅಚ್ಚಾಗಿ, ರಟ್ಟು ಹೊದ್ದು ಕೂತಿತ್ತು. ಆಲಿಸುವಿಕೆಗೆ ಅದರಲ್ಲಿದ್ದದ್ದು ಎರಡೇ ಪುಟ. ಸುತ್ತ ಕೂತ ಅಧ್ಯಾಪಕರು ತಲೆ ತಗ್ಗಿಸಿದರು. ಮೇಡಂಗೆ ಹೇಳುವುದು ಇನ್ನೂ ಇತ್ತು. ಮಾತು ಜೋಡಿಸಿಕೊಳ್ಳುತ್ತ ಅವರು ಅವನ ಕೈಯನ್ನೇ ನೋಡಿದರು.

ಹೆಬ್ಬೆರಳು ಮೂರನೇ ಗೆರೆ ಮುಟ್ಟಿದ್ದೇ ತಡ, ಅವನೆಂದ: "ಸರಿ, ಮುಂದಿನ ವಿಷಯ."